ವಾಟರ್ ಬೆಲ್‌ಗಿಂತ ಮೊದಲು ಚಿಲಕ: ನಮ್ಮ ಶಾಲೆಯ ಅನುಭವ

ಪಾವಗಡ ತಾಲ್ಲೂಕಿನ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ದೊಡ್ಡ ತರಗತಿಯ ಹೆಣ್ಣುಮಕ್ಕಳೂ ಈಗ ವಾಟರ್ ಬೆಲ್, ಅಂದರೆ ನೀರು ಕುಡಿಯಲೆಂದೇ ಹೊಡೆಯುವ ಗಂಟೆ, ಆದಾಗಲೆಲ್ಲ ಲೋಟ ತುಂಬ ನೀರು ಕುಡಿಯುತ್ತಾರೆ. ಅವರ ಜೊತೆಯಲ್ಲೇ ನಿಂತು ನಾವು ಶಿಕ್ಷಕಿಯರೂ ಕುಡಿಯುತ್ತೇವೆ. ಇದು ಒಂದು ತಿಂಗಳ ಉತ್ಸಾಹವೆಂದು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಹೇಳಿದ್ದ ಸಹೋದ್ಯೋಗಿಗಳೇ ಹೇಗೆ ಸಾಧ್ಯವಾಯಿತೆಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

2019ರ ಕೊನೆಯಲ್ಲಿ ಕೇರಳದ ಶಾಲೆಗಳನ್ನು ನೋಡಿ ನಮ್ಮ ರಾಜ್ಯದಲ್ಲೂ ವಾಟರ್ ಬೆಲ್ ಮಾತು ಬಂದಾಗ ನಾವೂ ಗಂಟೆ ಹೊಡೆಸಿದೆವು. ಹುಡುಗರು ಕುಡಿದರು, ಆರನೆಯ ತರಗತಿಯಿಂದ ಮೇಲಿನ ಹುಡುಗಿಯರು ತುಟಿ ಒದ್ದೆ ಮಾಡಿಕೊಂಡು ಬಂದು ಕುಳಿತರು. ಮನೆಯಿಂದ ಬಾಟಲಿ ತರಲು ಹೇಳಿದರೆ ಅರ್ಧದಷ್ಟು ಹಳೆಯ ಕೂಲ್‌ಡ್ರಿಂಕ್ಸ್ ಬಾಟಲಿಗಳು ಬಂದವು. ಅವುಗಳ ತಳದಲ್ಲಿ ಪಾಚಿ ಕಟ್ಟಿತ್ತು. ಪ್ರಾರ್ಥನೆಯ ವೇಳೆ ಭಾಷಣ, ಗೋಡೆ ಬರಹ, ಬಹುಮಾನ ಯಾವುದೂ ನಡೆಯಲಿಲ್ಲ. ಕೊನೆಗೆ ಏಳನೆಯ ತರಗತಿಯ ಒಬ್ಬಳು ತಲೆ ತಗ್ಗಿಸಿಕೊಂಡು, “ಕುಡುದ್ರೆ ಹೋಗ್ಬೇಕಾಗುತ್ತೆ ಮಿಸ್, ಅಲ್ಲಿ ಬಾಗ್ಲು ನಿಲ್ಲಲ್ಲ” ಎಂದಳು. ಬೆಳಿಗ್ಗೆ ಬಸ್ ಹತ್ತಿದಾಗಿನಿಂದ ಸಂಜೆ ಮನೆ ಸೇರುವವರೆಗೆ ನೀರು ಮುಟ್ಟದೆ, ಬೇಸಿಗೆ ಬಂತೆಂದರೆ ಉರಿಮೂತ್ರದಿಂದ ನರಳುತ್ತಿದ್ದ ನಮಗೂ ಕಾರಣ ಅದೇ ಆಗಿತ್ತು.

ಗಂಟೆಯನ್ನು ನಿಲ್ಲಿಸಿ ಮೊದಲು ಶೌಚಾಲಯಕ್ಕೆ ಕೈ ಹಾಕಿದೆವು. ಬಾಗಿಲ ರಿಪೇರಿ, ಮೇಲಿನ ಟ್ಯಾಂಕಿನಿಂದ ಪೈಪು, ಬಕೆಟ್ಟು, ಮಗ್ಗು ಎಲ್ಲ ಸೇರಿ ಸುಮಾರು ಒಂಬತ್ತು ಸಾವಿರ ರೂಪಾಯಿ ಆಯಿತು. ಶಾಲಾ ಅನುದಾನದಲ್ಲಿ ಅರ್ಧಕ್ಕಿಂತ ಕಡಿಮೆ ಸಿಕ್ಕಿತು, ಉಳಿದದ್ದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಹಳೆಯ ವಿದ್ಯಾರ್ಥಿಗಳಿಂದ ಕೂಡಿಸಿದರು. ಪ್ರತಿ ಬಾಗಿಲಿಗೂ ಎರಡು ಚಿಲಕ ಹಾಕಿಸಿದೆವು, ಒಂದು ದೊಡ್ಡವರಿಗೆ, ಇನ್ನೊಂದು ಒಂದನೆಯ ತರಗತಿಯ ಮಗುವಿನ ಕೈಗೆಟುಕುವಷ್ಟು ಕೆಳಗೆ. ಇದನ್ನು ಬೇರೆ ಯಾವ ಶಾಲೆಯಲ್ಲೂ ನಾನು ನೋಡಿಲ್ಲ. ಮಕ್ಕಳ ಕೈಗೆ ಪೊರಕೆ ಕೊಡದೆ ಪ್ರತಿದಿನ ಶೌಚಾಲಯ ತೊಳೆಸುವ ಏರ್ಪಾಡನ್ನೂ ಮಾಡಿಕೊಂಡೆವು. ಅದು ನಮ್ಮ ಊರಿನವರೊಡನೆ ಆದ ಮಾತಾದ್ದರಿಂದ ಇಲ್ಲಿ ಬಿಡಿಸಿ ಹೇಳಲಾರೆ.

ನಮ್ಮ ಕಡೆಯ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು, ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆಯೇ ಅದನ್ನು ಹೇಳುತ್ತದೆ. ಕಾಯಿಸಿ ಕೊಡಿ ಎಂದು ಸಲಹೆ ಕೊಟ್ಟವರು ಬಹಳ ಜನ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಅಂಶ ಹೆಚ್ಚುತ್ತದೆ. ಆದ್ದರಿಂದ ಊರಿನ ಶುದ್ಧ ನೀರಿನ ಘಟಕದಿಂದ ಐದು ರೂಪಾಯಿಗೊಂದರಂತೆ ಇಪ್ಪತ್ತು ಲೀಟರಿನ ಕ್ಯಾನ್ ತರಿಸುತ್ತೇವೆ. ನೂರಮೂವತ್ತರಷ್ಟು ಮಕ್ಕಳಿಗೆ ಕುಡಿಯಲು ದಿನಕ್ಕೆ ಐದು ಕ್ಯಾನ್ ಬೇಕು. ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಕ್ಯಾನ್ ಇದೆ: ಶಾಲಾ ಮಕ್ಕಳಿಗೆ ಹಾಲು ಕೊಡುವ ಸರ್ಕಾರದ ಕ್ಷೀರಭಾಗ್ಯ ಯೋಜನೆಯಲ್ಲಿ ಒಬ್ಬರಿಗೆ 18 ಗ್ರಾಂ ಪುಡಿಯಿಂದ 150 ಮಿ.ಲೀ. ಹಾಲು ಮಾಡುವಾಗ ಸುಮಾರು ಇಪ್ಪತ್ತು ಲೀಟರ್ ನೀರು ಅದಕ್ಕೇ ಹೋಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ಹಾಲು ಕಲಸಿ, ಕುಡಿಯಲು ಮಾತ್ರ ಶುದ್ಧ ನೀರು ಕೊಟ್ಟರೆ ಮಾಡಿದ ಕೆಲಸ ಅರ್ಧವಾಗುತ್ತದೆ. ಕ್ಯಾನುಗಳ ಖರ್ಚು ಒಟ್ಟು ವರ್ಷಕ್ಕೆ ಆರೂವರೆ ಸಾವಿರ ರೂಪಾಯಿಯ ಆಸುಪಾಸು.

ಇದರ ಜೊತೆಗೆ ಕಬ್ಬಿಣಾಂಶದ ಮಾತ್ರೆಯನ್ನೂ ಸರಿಪಡಿಸಿಕೊಂಡೆವು. ಚಿಕ್ಕವರ ಗುಲಾಬಿ ಮಾತ್ರೆ, ದೊಡ್ಡವರ ನೀಲಿ ಮಾತ್ರೆ ಎರಡೂ ಕಾಂಪೌಂಡಿನ ಹಿಂದೆ ಮಣ್ಣಿನಲ್ಲಿ ಸಿಗುತ್ತಿದ್ದವು, ಏಕೆಂದರೆ ಬೆಳಿಗ್ಗೆ ಹಾಲಿನ ಹೊತ್ತಿಗೆ ಕೊಟ್ಟರೆ ಮಕ್ಕಳಿಗೆ ಹೊಟ್ಟೆ ತೊಳಸುತ್ತಿತ್ತು. ಹಾಲು ಕಬ್ಬಿಣಾಂಶವನ್ನು ಮೈಗೆ ಸರಿಯಾಗಿ ಹತ್ತಗೊಡುವುದೂ ಇಲ್ಲ. ವಾರದಲ್ಲಿ ಒಂದು ದಿನ ಬಿಸಿಯೂಟವಾದ ಮೇಲೆ ಮಾತ್ರೆ ಕೊಟ್ಟು, ಮೇಲೆ ಉಪ್ಪು ಹಚ್ಚಿದ ನೆಲ್ಲಿಕಾಯಿ, ಅದು ಸಿಗದಿದ್ದರೆ ನಿಂಬೆ ಪಾನಕ ಕೊಡತೊಡಗಿದೆವು. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ತಾಯಂದಿರ ಸಭೆಯಲ್ಲಿ ಮೊದಲೇ ಹೇಳಿದ್ದರಿಂದ ಮನೆಯಿಂದ ತಕರಾರು ಬರಲಿಲ್ಲ. ನೆಲ್ಲಿಕಾಯಿಯ ಆಸೆಗೆ ಮಕ್ಕಳು ಈಗ ತಾವಾಗಿಯೇ ಸಾಲು ನಿಲ್ಲುತ್ತಾರೆ.

ಮಧ್ಯಾಹ್ನ ತಲೆನೋವೆಂದು ಬೆಂಚಿನ ಮೇಲೆ ಮಲಗುವ ಮಕ್ಕಳು ಮೊದಲು ದಿನಕ್ಕೆ ನಾಲ್ಕೈದು ಮಂದಿ ಇರುತ್ತಿದ್ದರು, ಈಗ ವಾರಕ್ಕೊಬ್ಬರು ಸಿಕ್ಕರೆ ಹೆಚ್ಚು. ಕಳೆದ ಬೇಸಿಗೆಯಲ್ಲಿ ನಮ್ಮ ನಾಲ್ವರು ಶಿಕ್ಷಕಿಯರಲ್ಲಿ ಒಬ್ಬರೂ ಉರಿಮೂತ್ರಕ್ಕೆ ರಜೆ ಹಾಕಲಿಲ್ಲ. ಗಂಟಲು ಕಟ್ಟುವುದೂ ಕಡಿಮೆಯಾಗಿದೆ. ಅದರಲ್ಲಿ ನೀರಿನ ಪಾಲೆಷ್ಟು, ಕೂಗುವ ಬದಲು ಚಪ್ಪಾಳೆಯ ಸನ್ನೆಯಿಂದ ತರಗತಿಯನ್ನು ಸುಮ್ಮನಾಗಿಸುವ ಅಭ್ಯಾಸದ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಿಲ್ಲ.

ಅನ್ನ, ಸಾಂಬಾರಿಗೆ ಇನ್ನೂ ಕೊಳವೆಬಾವಿಯ ನೀರೇ ಬಳಕೆಯಲ್ಲಿದೆ. ಅಷ್ಟು ನೀರನ್ನು ಕ್ಯಾನಿನಲ್ಲಿ ಹೊತ್ತು ತರುವುದು ಆಗದ ಮಾತು. ಘಟಕದಿಂದ ಅಡುಗೆಮನೆಗೆ ಪೈಪು ಎಳೆಸಲು ನಲವತ್ತು ಸಾವಿರದಷ್ಟು ಬೇಕೆಂದು ಪ್ಲಂಬರ್ ಅಂದಾಜು ಬರೆದುಕೊಟ್ಟಿದ್ದಾರೆ, ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಇಡುತ್ತಿದ್ದೇವೆ.