ಹಳೇ ಕಾರು ಕೊಳ್ಳೋ ಮುಂಚೆ ಬಾನೆಟ್ ಎತ್ತಿ ಇಷ್ಟು ನೋಡಿ

ದಾವಣಗೆರೆ ಪಿ.ಬಿ. ರಸ್ತೆ ಕಡೆ ನನ್ನದೊಂದು ಡೆಂಟಿಂಗ್ ಶೆಡ್ ಐತಿ. ಹೆದ್ದಾರಿ 48ರಲ್ಲಿ ಚಿತ್ರದುರ್ಗದಿಂದ ಹರಿಹರದ ತನಕ ಗುದ್ದಿಕೊಂಡ ಗಾಡಿಗಳಲ್ಲಿ ಒಂದಷ್ಟು ನಮ್ಮಂಥವರ ಶೆಡ್ಡಿಗೇ ಬರೋದು. ಅದಕ್ಕೇ ಗೊತ್ತಿದ್ದವರು ಯಾರಾದರೂ ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೊರಟರೆ "ಅಣ್ಣಾ, ಒಂಚೂರು ಬಂದು ನೋಡು" ಅಂತ ಕರೀತಾರೆ. ಗುದ್ದಿದ ಗುರುತು ಕಾಣದಂಗೆ ಮಾಡೋದೇ ನಮ್ಮ ಕಸುಬು. ಹಂಗಾಗಿ ಗುರುತು ಎಲ್ಲಿ ಉಳಿದಿರುತ್ತೆ ಅನ್ನೋದೂ ನಮಗೇ ಗೊತ್ತು.

ಮೊದಲು ಒಂದು ಮಾತು. ಬಂಪರ್ ಗೀಚಿದ್ದಕ್ಕೆ, ಬಾಗಿಲಿಗೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದಿದ್ದಕ್ಕೆ ಗಾಬರಿ ಬೀಳಬೇಡಿ. ಮಂಡಿಪೇಟೆಯಲ್ಲಿ ದಿನಾ ಓಡಾಡೋ ಕಾರಿಗೆ ಬೈಕಿನ ಹ್ಯಾಂಡಲ್ ತಾಗದೇ ಇದ್ದರೆ ಅದೇ ಆಶ್ಚರ್ಯ. ರೇಟು ಇಳಿಸೋಕೆ ಅದನ್ನ ಬಳಸಿಕೊಳ್ಳಿ, ಅಷ್ಟೇ ಸಾಕು. ನೀವು ಹುಡುಕಬೇಕಾದ್ದು ಬೇರೆ. ಗುದ್ದಿದಾಗ ಮಡಚಿಕೊಳ್ಳಲಿ ಅಂತಲೇ ಮಾಡಿರೋ ಭಾಗ ಒಂದು ಸಲ ಮಡಚಿಕೊಂಡು ಮುಗಿದಿದೆಯಾ ಅನ್ನೋದು.

ಕಾರಿನ ಮೂತಿ ಮೆತ್ತಗೆ, ಜನ ಕೂರೋ ಗೂಡು ಗಟ್ಟಿ. ಇದು 1950ರ ದಶಕದಲ್ಲಿ ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬರೆನಿ ಪೇಟೆಂಟ್ ಮಾಡಿಸಿದ ಲೆಕ್ಕ. ಬಾನೆಟ್ ಕೆಳಗೆ ಎಡಕ್ಕೊಂದು ಬಲಕ್ಕೊಂದು ಉದ್ದ ಪೆಟ್ಟಿಗೆಯಂಥ ತೊಲೆ ಇರುತ್ತೆ, ನಾವು ಚಾಸಿಸ್ ಲೆಗ್ ಅಂತೀವಿ. ಅದರ ಮೇಲೆ ಅಲ್ಲಲ್ಲಿ ಬೇಕಂತಲೇ ಒತ್ತಿದ ತಗ್ಗು ಇರುತ್ತವೆ. ಗುದ್ದಿದಾಗ ಅಲ್ಲಿಂದಲೇ ಮಡಿಕೆ ಶುರುವಾಗಿ, ಪೆಟ್ಟಿನ ಜೋರನ್ನೆಲ್ಲ ತಗಡು ತಿಂದುಕೊಳ್ಳುತ್ತೆ. ಭಾರತ್ ಎನ್‌ಕ್ಯಾಪ್ ಅಂದರೆ ಕಾರು ಎಷ್ಟು ಸುರಕ್ಷಿತ ಅಂತ ಗುದ್ದಿಸಿ ನೋಡಿ ಸ್ಟಾರು ಕೊಡೋ ಸರ್ಕಾರಿ ಪರೀಕ್ಷೆ. ಅದರಲ್ಲಿ ಕಾರನ್ನ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ, ಮೂತಿಯ ನೂರಕ್ಕೆ 40 ಭಾಗ ಮಾತ್ರ ತಾಗೋ ಹಂಗೆ ತಡೆಗೆ ಗುದ್ದಿಸ್ತಾರೆ. 2023ರ ಅಕ್ಟೋಬರ್ 1ರಿಂದ ನಡೀತಿರೋ ಆ ಪರೀಕ್ಷೆಯ ಸ್ಟಾರು ಫ್ಯಾಕ್ಟರಿಯಿಂದ ಬಂದ ತೊಲೆಗೆ. ಸರಪಳಿ ಹಾಕಿ ಜಗ್ಗಿ, ಗ್ಯಾಸ್ ಬೆಂಕಿ ತೋರಿಸಿ ನೆಟ್ಟಗೆ ಮಾಡಿದ ತೊಲೆಗೆ ಅಲ್ಲ. ಈಗಿನ ಗಾಡಿಗಳ ಗಟ್ಟಿ ಉಕ್ಕು ಬೆಂಕಿ ಕಂಡರೆ ಬಲ ಕಳಕೊಳ್ಳುತ್ತೆ. ಮುಂದಿನ ಸಲ ಮಡಚಬೇಕಾದ ಕಡೆ ಮಡಚದೆ ಬೇರೆಲ್ಲೋ ಮುರೀಬಹುದು. ಏರ್‌ಬ್ಯಾಗ್ ಬಿಚ್ಚಬೇಕೋ ಬೇಡವೋ ಅಂತ ಗಾಡಿ ತೀರ್ಮಾನ ಮಾಡೋದು ಮೂತಿ ಎಷ್ಟು ಬೇಗ ನಿಂತಿತು ಅನ್ನೋದರ ಮೇಲೆ. ಬ್ಯಾಗ್ ತುಂಬಿಕೊಳ್ಳೋದು ಸುಮಾರು 30 ಮಿಲಿಸೆಕೆಂಡಿನಲ್ಲಿ. ತೊಲೆ ಅಡ್ಡಾದಿಡ್ಡಿ ಮಡಚಿದರೆ ಆ ಹೊತ್ತೂ ಏರುಪೇರಾಗುತ್ತೆ.

ಗಾಡಿ ನೋಡೋಕೆ ಬೆಳಗ್ಗೆ ಹೋಗಿ. ಆಗಷ್ಟೇ ನೀರು ಹಾಕಿ ತೊಳೆದು ನಿಲ್ಲಿಸಿದ್ದರೆ ಒಣಗೋ ತನಕ ಚಾ ಕುಡೀರಿ. ನೀರು ಆರದ ಪೇಂಟಿನ ಮೇಲೆ ಎಲ್ಲಾ ತಗ್ಗೂ ಮುಚ್ಚಿಹೋಗಿರುತ್ತೆ.

ಬಾನೆಟ್ ಎತ್ತಿ ಫೆಂಡರ್ ಬೋಲ್ಟ್ ನೋಡಿ, ಫೆಂಡರ್ ಅಂದರೆ ಮುಂದಿನ ಚಕ್ರದ ಮೇಲಿನ ಹೊರ ತಗಡು. ಕಂಪನಿ ಬೋಲ್ಟಿನ ತಲೆಗೂ ಬಣ್ಣ ಹತ್ತಿರುತ್ತೆ. ಮೂಲೆಯಲ್ಲಿ ಬಣ್ಣ ಸುಲಿದು ಲೋಹ ಮಿಂಚ್ತಿದ್ದರೆ ಸ್ಪ್ಯಾನರ್ ಬಿದ್ದಿದೆ ಅಂತ. ಬರೀ ಫೆಂಡರ್ ಬದಲಾಗಿದ್ದರೆ ಪರವಾಗಿಲ್ಲ, ಅದು ಬೋಲ್ಟಿನಲ್ಲಿ ಕೂರೋ ತಗಡು. ಅದರ ಹಿಂದಿನ ಒಳ ತಗಡು, ಅಂದರೆ ಅಪ್ರಾನ್, ಹಂಗಲ್ಲ, ಅದು ಬಾಡಿಗೆ ಬೆಸೆದಿರೋದು. ಅದರ ಅಂಚಿಗೆ ಬೆರಳು ಆಡಿಸಿ. ಫ್ಯಾಕ್ಟರಿಯ ಸ್ಪಾಟ್ ವೆಲ್ಡ್ ಅಂದರೆ ಸಾಲಾಗಿ, ಹೆಚ್ಚೂಕಮ್ಮಿ ಒಂದೇ ಅಂತರದಲ್ಲಿ, ಬಟಾಣಿ ಒತ್ತಿದಂಗೆ ಸಣ್ಣ ಗುಳಿಗಳು. ಎಡಗಡೆ ಆ ಸಾಲು ಇದ್ದು ಬಲಗಡೆ ಉಬ್ಬಿದ ವೆಲ್ಡಿಂಗ್ ಗೆರೆ, ಗ್ರೈಂಡರ್ ಆಡಿಸಿದ ಗುರುತು, ಬ್ರಷ್ಷಲ್ಲಿ ಬಳಿದ ಸೀಲೆಂಟ್ ಕಂಡರೆ ಆ ಕಡೆ ಕತ್ತರಿಸಿ ಕೂಡಿಸಿದ್ದಾರೆ. ಎಡಬಲ ಹೋಲಿಸೋದೇ ಇಲ್ಲಿ ಮುಖ್ಯ. ಎರಡೂ ಕಡೆ ಒಂದೇ ಥರ ಗುದ್ದಿಸಿಕೊಳ್ಳೋ ಗಾಡಿ ಅಪರೂಪ.

ಆಮೇಲೆ ಗಾಡಿನ ಲಿಫ್ಟಿಗೋ ಗುಂಡಿಗೋ ಹತ್ತಿಸಿ ಚಾಸಿಸ್ ಲೆಗ್ ನೋಡಿ. ಸುಕ್ಕು, ಸುತ್ತಿಗೆ ಏಟು, ಒಂದು ಕಡೆ ಮಾತ್ರ ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟ್ ಸಿಕ್ಕರೆ ವಾಪಸ್ ಬನ್ನಿ. ಮಾರೋನು "ಬಂಪರ್‌ಗೆ ಸ್ವಲ್ಪ ತಾಗಿತ್ತಷ್ಟೇ ಸಾರ್" ಅಂತಾನೆ. ಬಂಪರ್‌ಗೆ ತಾಗಿದ್ದು ಚಾಸಿಸ್ ಲೆಗ್ಗಿಗೆ ಹೋಗಲ್ಲ. ಡಿಕ್ಕಿಯಲ್ಲಿ ಮ್ಯಾಟು, ಸ್ಟೆಪ್ನಿ ಎತ್ತಿ ತಳ ನೋಡಿ. ಲಾರಿ ಹಿಂದಿನಿಂದ ಗುದ್ದಿದ್ದರೆ ಸ್ಟೆಪ್ನಿ ಕೂರೋ ಗುಂಡಿಯ ತಗಡಿನಲ್ಲಿ ಅಲೆ ಉಳಿದಿರುತ್ತೆ. ಬಾಗಿಲಿನ ರಬ್ಬರ್ ಬೀಡಿಂಗ್ ಕೈಯಲ್ಲೇ ಕಿತ್ತು ಪಿಲ್ಲರಿನ, ಅಂದರೆ ಬಾಗಿಲ ಪಕ್ಕದ ಕಂಬದ, ಸ್ಪಾಟ್ ಗುಳಿಗಳನ್ನೂ ನೋಡಿ. ಬೀಡಿಂಗ್ ಮತ್ತೆ ಒತ್ತಿದರೆ ಕೂರುತ್ತೆ, ಮಾರೋನು ಬೇಡ ಅಂದರೆ ಕಾರಣ ಕೇಳಿ.

ಈಗ ಯಾರೂ ನೋಡದ ಜಾಗ, ಸೀಟ್ ಬೆಲ್ಟ್. ನನ್ನ ಕೇಳಿದರೆ ಇಡೀ ಗಾಡಿಯಲ್ಲಿ ಸುಳ್ಳು ಹೇಳೋಕೆ ಬರದ ಭಾಗ ಇದು. ಮುಂದಿನ ಎರಡೂ ಬೆಲ್ಟ್ ಕೊನೇ ತನಕ ಎಳೀರಿ. ಒಳಗೆ ಮಾತ್ರ ಇರೋ ಭಾಗದ ಬಣ್ಣ ಹೊರಗಿನದಕ್ಕಿಂತ ಹೊಸದಾಗಿ ಕಾಣೋದು ಸಹಜ. ಭುಜದ ಮೇಲಿನ ಕೊಂಡಿಯಲ್ಲಿ ತೂರೋ ಕಡೆ ಪಟ್ಟಿ ಸುಟ್ಟಂಗೆ ಹೊಳೀತಿದ್ದರೆ, ಅಲೆ ಎದ್ದಿದ್ದರೆ, ಕೊಂಡಿಯ ಪ್ಲಾಸ್ಟಿಕ್ಕಿನಲ್ಲಿ ತಿಕ್ಕಿದ ಗೆರೆ ಇದ್ದರೆ ಅದು ಗುದ್ದಿದಾಗ ಒಬ್ಬ ಮನುಷ್ಯನ ಭಾರ ತಡೆದ ಬೆಲ್ಟು. ಎಳೆದರೆ ಬರದೆ, ಬಿಟ್ಟರೆ ಒಳಗೆ ಹೋಗದೆ ನಿಂತರೆ ಗುದ್ದಿದಾಗ ಬೆಲ್ಟನ್ನ ಬಿಗಿಯಾಗಿ ಎಳೆಯೋ ಪ್ರಿಟೆನ್ಷನರ್ ಸಿಡಿದಿರಬಹುದು. ಅದರೊಳಗೆ ಸಣ್ಣ ಮದ್ದು ಇರುತ್ತೆ, ಒಂದು ಸಲ ಸಿಡಿದರೆ ಮುಗೀತು, ರಿಪೇರಿ ಇಲ್ಲ. ಪಟ್ಟಿಯ ಬುಡದಲ್ಲಿ ಹೊಲಿದ ಚೀಟಿಯಲ್ಲಿ ತಯಾರಾದ ವರ್ಷ ಇದ್ದರೆ ಆರ್‌ಸಿ ಜೊತೆ ತಾಳೆ ನೋಡಿ. 2018ರ ಗಾಡಿಗೆ 2022ರ ಬೆಲ್ಟ್ ಯಾಕೆ ಬಂತು ಅಂತ ಮಾರೋನನ್ನೇ ಕೇಳಿ.

ಏರ್‌ಬ್ಯಾಗ್‌ಗೆ ಬನ್ನಿ. ಡ್ರೈವರ್ ಕಡೆ ಏರ್‌ಬ್ಯಾಗ್ ಕಡ್ಡಾಯ ಆದದ್ದು 2019ರ ಜುಲೈ 1ರಿಂದ. ಅದಕ್ಕೂ ಹಳೇ ಗಾಡಿ ಆದರೆ ಆ ಮಾಡೆಲ್‌ಗೆ ಏರ್‌ಬ್ಯಾಗ್ ಇತ್ತಾ ಅಂತ ಮೊದಲು ವಿಚಾರಿಸಿ. ಇದ್ದರೆ ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡಬೇಡಿ. ಏರ್‌ಬ್ಯಾಗ್ ದೀಪ ಹತ್ತಿ ಕೆಲ ಸೆಕೆಂಡಿಗೆ ತಾನೇ ಆರಬೇಕು. ಹತ್ತಲೇ ಇಲ್ಲ ಅಂದರೆ ದೀಪವನ್ನೇ ಕಿತ್ತಿರಬಹುದು. ಆಯಿಲ್ ದೀಪದ ಜೊತೆಗೇ ಹತ್ತಿ ಅದರ ಜೊತೆಗೇ ಆರ್ತಿದ್ದರೆ ಎರಡನ್ನೂ ಒಂದೇ ವೈರಿಗೆ ಕೂಡಿಸಿರೋ ಅನುಮಾನ ಇಟ್ಟುಕೊಳ್ಳಿ. ಬ್ಯಾಗ್ ಜಾಗದಲ್ಲಿ ಬರೀ ರೆಸಿಸ್ಟರ್ ಇಟ್ಟು ದೀಪ ಆರಿಸೋರೂ ಇದ್ದಾರೆ. ಗಾಡಿಯ ಕಂಪ್ಯೂಟರಿನಲ್ಲಿರೋ ದೋಷ ಓದೋ ಸ್ಕ್ಯಾನರ್ ಅಗ್ಗದ್ದಾದರೆ ಎಂಜಿನ್ ಕೋಡ್ ಮಾತ್ರ ಓದುತ್ತೆ. ಏರ್‌ಬ್ಯಾಗ್ ಮಾಡ್ಯೂಲ್, ಅಂದರೆ ಬ್ಯಾಗನ್ನ ನಿಯಂತ್ರಿಸೋ ಪೆಟ್ಟಿಗೆ, ಅದನ್ನ ಓದೋ ಸ್ಕ್ಯಾನರ್ ಇರೋ ಎಲೆಕ್ಟ್ರಿಷಿಯನ್ನೇ ಬೇಕು.

ಕಾಗದದಲ್ಲಿ ಇನ್ಶೂರೆನ್ಸ್ ಪಾಲಿಸಿಯ ನೋ ಕ್ಲೇಮ್ ಬೋನಸ್ ನೋಡಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20, ಐದು ವರ್ಷಕ್ಕೆ 50 ಪರ್ಸೆಂಟ್ ತನಕ ಏರುತ್ತೆ. ಒಬ್ಬನೇ ಓನರ್ ಇದ್ದೂ ಸೊನ್ನೆಗೆ ಬಿದ್ದಿದ್ದರೆ ಯಾವ ಕ್ಲೇಮ್ ಅಂತ ಕೇಳಿ, ಬಿಲ್ ತೋರಿಸೋಕೆ ಹೇಳಿ. ಕಂಪನಿ ಸರ್ವೀಸ್ ಸೆಂಟರಿನಲ್ಲಿ ನಂಬರ್ ಕೊಟ್ಟರೆ ಹಳೇ ರಿಪೇರಿ ಕೆಲಸ ಬರೆದ ಜಾಬ್ ಕಾರ್ಡೂ ಸಿಗಬಹುದು. ಓನರನ್ನ ಜೊತೆಗೆ ಕರಕೊಂಡು ಹೋದರೆ ಕೆಲಸ ಸಲೀಸು.

ಬರೀ ಬೆಲ್ಟು, ಏರ್‌ಬ್ಯಾಗ್ ಹೋಗಿ, ತೊಲೆ, ಅಪ್ರಾನ್, ಪಿಲ್ಲರ್ ಎಲ್ಲಾ ಫ್ಯಾಕ್ಟರಿದೇ ಇದ್ದರೆ ಆ ಗಾಡಿ ತಗೋಬಹುದು. ಆದರೆ ಬ್ಯಾಗು, ಎರಡೂ ಬೆಲ್ಟು, ಮಾಡ್ಯೂಲ್ ಹೊಸದು ಹಾಕೋಕೆ ಕಂಪನಿ ಸರ್ವೀಸ್ ಸೆಂಟರಿನಲ್ಲಿ ಬರಹದಲ್ಲಿ ರೇಟು ತಗೊಂಡು, ಆ ದುಡ್ಡನ್ನ ಗಾಡಿ ಬೆಲೆಯಲ್ಲಿ ಕಳೆದು ಮಾತಾಡಿ. ಗುಜರಿಯ ಏರ್‌ಬ್ಯಾಗ್ ಕೂರಿಸಿ ಕೊಡ್ತೀನಿ ಅಂದರೆ ಒಪ್ಪಬೇಡಿ, ಹಂಗನ್ನೋನು ನಮ್ಮ ಕಸುಬಿನವನೇ ಆಗಿದ್ದರೂ ಸೈ.