ಮನೆಯಲ್ಲಿ ಮಾಡಿದ ಗಿಟಾರಿಗೆ ಬಣ್ಣ, ಮೆರುಗು ಮತ್ತು ತಾಮ್ರದ ಒಳಹೊದಿಕೆ: ನನ್ನ ಅನುಭವ

ಧಾರವಾಡದ ಮಾಳಮಡ್ಡಿಯಲ್ಲಿದ್ದ ನಮ್ಮ ಸೋದರಮಾವನ ಹಳೆಯ ಮನೆಯನ್ನು ಕೆಡವಿದಾಗ, ಹಿತ್ತಲ ಬಾಗಿಲಿನ ಸಾಗವಾನಿ ಚೌಕಟ್ಟನ್ನು ನಾನು ಕೇಳಿ ಪಡೆದುಕೊಂಡು ಹುಬ್ಬಳ್ಳಿಗೆ ತಂದೆ. ಅದನ್ನು ಸೀಳಿಸಿ, ನಾಲ್ಕು ತುಂಡುಗಳನ್ನು ಅಂಚಿಗೆ ಅಂಚು ಅಂಟಿಸಿ, 45 ಮಿಲಿಮೀಟರ್ ದಪ್ಪದ ಒಂದು ಎಲೆಕ್ಟ್ರಿಕ್ ಗಿಟಾರಿನ ಬಾಡಿಯನ್ನು ಕತ್ತರಿಸಿದೆ. ಕತ್ತರಿಸುವ, ಒಳಗಿನ ವೈರಿಂಗಿಗೆ ಗುಳಿ ಕೊರೆಯುವ ಮತ್ತು ನೆಕ್ (ಬೆರಳಾಡಿಸುವ ಉದ್ದನೆಯ ಹಿಡಿ) ಕೂಡಿಸುವ ಕೆಲಸಗಳು ಆರು ವಾರಗಳಲ್ಲಿ ಮುಗಿದವು. ಬಣ್ಣ, ಮೆರುಗು ಮತ್ತು ಒಳಗಿನ ಶೀಲ್ಡಿಂಗ್ (ಹೊರಗಿನ ವಿದ್ಯುತ್ತಿನ ಸದ್ದು ತಡೆಯುವ ಲೋಹದ ಹೊದಿಕೆ) ಮುಗಿಯಲು ಮಾತ್ರ ಆರು ತಿಂಗಳು ಹಿಡಿಯಿತು. ಆ ಆರು ತಿಂಗಳುಗಳಲ್ಲಿ ನಾನು ಮಾಡಿದ್ದನ್ನು, ತಪ್ಪಿದ್ದನ್ನು ಮತ್ತು ತಿದ್ದಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಸಾಗವಾನಿಯ ಗುಣ ದೊಡ್ಡದು, ಆದರೆ ಬಣ್ಣ ಬಳಿಯುವವರಿಗೆ ಅದು ಸುಲಭದ ಮರವಲ್ಲ. ಅದರೊಳಗೆ ಸಹಜವಾದ ಎಣ್ಣೆಯ ಅಂಶವಿರುವುದರಿಂದ ಮೇಲೆ ಹಚ್ಚಿದ್ದು ಸರಿಯಾಗಿ ಒಣಗುವುದಿಲ್ಲ, ಒಣಗಿದರೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಅದರ ರಂಧ್ರಗಳೂ ಅಗಲವಾಗಿರುವುದರಿಂದ ಅವುಗಳನ್ನು ತುಂಬದೆ ಬಣ್ಣ ಹೊಡೆದರೆ ಮೇಲ್ಮೈ ತುಂಬ ಸಣ್ಣ ಗೀರುಗಳು ಉಳಿಯುತ್ತವೆ. ನಾನು 80ನೆಯ ನಂಬರಿನ ಸ್ಯಾಂಡ್‌ಪೇಪರಿನಿಂದ ಆರಂಭಿಸಿ 120, 180, 240ರ ಮೂಲಕ 320ರವರೆಗೆ ಹೋದೆ. ಒಂದು ನಂಬರಿನ ಗೆರೆಗಳು ಪೂರ್ತಿ ಅಳಿಯುವ ಮೊದಲು ಮುಂದಿನದಕ್ಕೆ ಹೋಗಬಾರದು ಎಂಬುದನ್ನು ಕಣ್ಣಿಗಿಂತ ಚೆನ್ನಾಗಿ ಕಲಿಸಿದ್ದು ಒಂದು ಟೇಬಲ್ ಲ್ಯಾಂಪ್. ರಾತ್ರಿ ಕೋಣೆಯ ದೀಪವನ್ನೆಲ್ಲ ಆರಿಸಿ, ಆ ಲ್ಯಾಂಪನ್ನು ಮರದ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಟ್ಟರೆ, ಹಗಲಿನಲ್ಲಿ ಗಾಜಿನಂತೆ ಕಂಡಿದ್ದ ಮೇಲ್ಮೈಯಲ್ಲಿ ಅಡ್ಡಗೆರೆಗಳು ಉತ್ತ ಹೊಲದ ಸಾಲುಗಳಂತೆ ಎದ್ದು ಕಾಣುತ್ತಿದ್ದವು. ಉಳಿಯ ಪೆಟ್ಟಿನಿಂದ ಆಗಿದ್ದ ಎರಡು ತಗ್ಗುಗಳ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದಾಗ, ಹಬೆಗೆ ಮರದ ಎಳೆಗಳು ಉಬ್ಬಿ ತಗ್ಗು ತಾನಾಗಿಯೇ ಮೇಲೆದ್ದಿತು. ಕೊನೆಗೆ ಇಡೀ ಬಾಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎದ್ದ ನವಿರು ನಾರುಗಳನ್ನು 320ರಿಂದಲೇ ಹಗುರವಾಗಿ ಉಜ್ಜಿ ತೆಗೆದೆ.

ಎಣ್ಣೆಯ ತೊಂದರೆಗೆ ನಾನು ಮಾಡಿದ ಉಪಾಯ ಎರಡು ಹಂತದ್ದು. ಮೊದಲು ಥಿನ್ನರಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಮರವನ್ನು ಒರೆಸುತ್ತ ಹೋದೆ. ಬಟ್ಟೆಗೆ ಹಳದಿ ಹತ್ತುವುದು ನಿಲ್ಲುವವರೆಗೆ ಐದು ಸಲ ಬಟ್ಟೆ ಬದಲಿಸಬೇಕಾಯಿತು. ಆಮೇಲೆ ಅರಗಿನ ಚಕ್ಕೆಗಳನ್ನು ಪಾಲಿಶ್ ಸ್ಪಿರಿಟ್‌ನಲ್ಲಿ ಕರಗಿಸಿ, ಬಾಟಲಿಯನ್ನು ಎರಡು ವಾರ ಅಲುಗಾಡಿಸದೆ ಇಟ್ಟು, ಮೇಣವೆಲ್ಲ ತಳಕ್ಕೆ ಕುಳಿತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು ಎರಡು ತೆಳುವಾದ ಕೈ ಹಚ್ಚಿದೆ. ಅರಗು ಎಣ್ಣೆಯುಕ್ತ ಮರಕ್ಕೂ ಹಿಡಿಯುತ್ತದೆ, ಅದರ ಮೇಲೆ ಮೆರುಗು ಕೊಡುವ ಲ್ಯಾಕರೂ ಹಿಡಿಯುತ್ತದೆ. ನಡುವೆ ನಿಂತು ಎರಡು ಕಡೆಯ ಒಪ್ಪಂದ ಮಾಡಿಸುವ ಹಿರಿಯನ ಹಾಗೆ ಅದರ ಕೆಲಸ. ಬಳಿಕ ರಂಧ್ರಗಳಿಗೆ ವುಡ್ ಫಿಲ್ಲರನ್ನು ಎಳೆಗೆ ಅಡ್ಡಲಾಗಿ ಎಳೆದು ತುಂಬಿ, ಒಣಗಿದ ಮೇಲೆ ಸಮ ಮಾಡಿ, ಎನ್‌ಸಿ (ನೈಟ್ರೊಸೆಲ್ಯುಲೋಸ್) ಸ್ಯಾಂಡಿಂಗ್ ಸೀಲರನ್ನು ಮೂರು ಕೈ ಹೊಡೆದೆ. ಅಡ್ಡ ಕೊಯ್ತದ ಅಂಚುಗಳು ಸೀಲರನ್ನು ನೀರಿನಂತೆ ಕುಡಿದವು. ಅಲ್ಲಿಗೆ ಇನ್ನೆರಡು ಕೈ ಬೇಕಾಯಿತು.

ನನ್ನ ಮೊದಲ ದೊಡ್ಡ ತಪ್ಪು ಋತುವಿನದು. ಸೀಲರ್ ಮುಗಿದದ್ದು ಜುಲೈ ತಿಂಗಳಲ್ಲಿ, ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ತಾಳ್ಮೆ ಸಾಲದೆ ನಾನು ಒಂದು ಭಾಗ ಮುಚ್ಚಿದ ಅಂಗಳದಲ್ಲಿ ನಿಂತು ಎನ್‌ಸಿ ಕ್ಲಿಯರ್ ಲ್ಯಾಕರನ್ನು ಹೊಡೆದುನೋಡಿದೆ. ಹತ್ತು ನಿಮಿಷದೊಳಗೆ ಬಾಡಿಯ ಹಿಂಭಾಗವೆಲ್ಲ ಹಾಲಿನ ಕೆನೆ ಕಟ್ಟಿದಂತೆ ಬೆಳ್ಳಗಾಯಿತು. ಗೋಕುಲ ರಸ್ತೆಯ ಬಳಿ ಪೀಠೋಪಕರಣಗಳಿಗೆ ಬಣ್ಣ ಹೊಡೆಯುವ ಪರಿಚಯದ ಪೇಂಟರ್ ಕಾಕಾ ಅವರಿಗೆ ಅದನ್ನು ಒಯ್ದು ತೋರಿಸಿದಾಗ ಅವರು ಬೆರಳಾಡಿಸಿ ನೋಡಿ, "ಮಳಿಗಾಲದಾಗ ಹೊಡದ್ರ ಹಿಂಗ ಆಗೂದರಿ ಸರ. ಹವಾದಾಗಿನ ನೀರು ಬಣ್ಣದೊಳಗ ಕುಂತೈತಿ. ದಸರಾ ಮುಗೀಲಿ, ಬಿಸಲು ಬಲೀಲಿ, ಆಮ್ಯಾಲ ತರ್ರಿ" ಎಂದರು. ಕಾರಣ ಅವರು ಹೇಳಿದ್ದೇ. ಥಿನ್ನರ್ ವೇಗವಾಗಿ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ; ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಂಪಿಗೆ ಅದು ಹನಿಗಟ್ಟಿ, ಒಣಗುತ್ತಿರುವ ಪದರದೊಳಗೆ ಸಿಕ್ಕಿಕೊಂಡು ಬಿಳಿಯಾಗಿ ಕಾಣುತ್ತದೆ. ನಾನು ಅಕ್ಟೋಬರ್ ಕೊನೆಯವರೆಗೆ ಬಾಡಿಯನ್ನು ಅಟ್ಟದ ಮೇಲೆ ತೂಗಿಬಿಟ್ಟೆ. ಆಮೇಲೆ ಒಂದು ಒಣ ಮಧ್ಯಾಹ್ನ ಅದೇ ಕಾಕಾ ತಮ್ಮ ಸ್ಪ್ರೇ ಗನ್ನಿನಿಂದ ಬರೀ ಥಿನ್ನರನ್ನು ಮಂಜಿನಂತೆ ಹಾಯಿಸಿದಾಗ, ಪದರ ಮತ್ತೆ ಸಡಿಲಾಗಿ ನೀರು ಹೊರಬಿದ್ದು ಬಿಳುಪು ಕಣ್ಣೆದುರೇ ಕರಗಿತು.

ಬಣ್ಣದ ಆಯ್ಕೆಯಲ್ಲಿ ನನಗೆ ಗೊಂದಲವಿರಲಿಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಕೂಸುಗಳು ಮಲಗಿದ ಕಲಘಟಗಿಯ ತೊಟ್ಟಿಲಿದೆ. ಅದರ ಕೆಂಪು ಇಂದಿಗೂ ಮಾಸಿಲ್ಲ. ಅದರ ಒಂದು ಕಾಲನ್ನು ಬಿಚ್ಚಿಕೊಂಡು ಕಾರಿನ ಬಣ್ಣ ಬೆರೆಸಿಕೊಡುವ ಅಂಗಡಿಗೆ ಹೋಗಿ, ಶೇಡ್ ಕಾರ್ಡಿನ ಪಕ್ಕ ಇಟ್ಟು ಹತ್ತಿರದ ಕೆಂಪನ್ನು ಮಾಡಿಸಿಕೊಂಡೆ. ಗಿಟಾರಿಗೆ ಕಾರಿನ ಬಣ್ಣವೇ ಎಂದು ಕೇಳಿದವರಿದ್ದರು. 1950ರ ದಶಕದಲ್ಲಿ ಅಮೆರಿಕದ ಫೆಂಡರ್ ಕಂಪನಿ ತನ್ನ ಗಿಟಾರುಗಳಿಗೆ ಹೊಡೆದ ವಿಶೇಷ ಬಣ್ಣಗಳು ಡ್ಯೂಪಾಂಟ್ ಕಂಪನಿ ಕಾರುಗಳಿಗಾಗಿ ತಯಾರಿಸುತ್ತಿದ್ದ ಡ್ಯೂಕೊ ಮತ್ತು ಲೂಸೈಟ್ ಬಣ್ಣಗಳೇ ಆಗಿದ್ದವು. ನಮ್ಮ ಗ್ಯಾರೇಜುಗಳಲ್ಲಿ ಯಾವ ಕಂಪನಿಯ ಬಣ್ಣವನ್ನಾದರೂ "ಡ್ಯೂಕೊ" ಎಂದೇ ಕರೆಯುವ ರೂಢಿ ಅದೇ ಹೆಸರಿನಿಂದ ಬಂದದ್ದು.

ಹೊಡೆಯುವ ಮೊದಲು ನೆಕ್ ಕೂಡುವ ಗುಳಿಯನ್ನು ಟೇಪಿನಿಂದ ಪೂರ್ತಿ ಮುಚ್ಚಬೇಕು. ಅಲ್ಲಿ ಬಣ್ಣದ ಪದರ ಕೂತರೆ ನೆಕ್ ಬಿಗಿಯಾಗಿ ಸಿಕ್ಕಿ, ತೆಗೆಯುವಾಗ ಅಂಚಿನ ಬಣ್ಣ ಸಿಡಿಯುತ್ತದೆ. ಸ್ಕ್ರೂಗಳ ರಂಧ್ರಗಳನ್ನೂ, ತಂತಿಗಳು ಕೂರುವ ಬ್ರಿಜ್‌ನ ಕೆಳಗಿನಿಂದ ಒಳಗುಳಿಗೆ ಹೋಗುವ ಗ್ರೌಂಡ್ ವೈರಿನ ರಂಧ್ರವನ್ನೂ ನಾನು ಮೊದಲೇ ಕೊರೆದು, ಬಾಯಿಯನ್ನು ತುಸು ಅಗಲ ಮಾಡಿದ್ದೆ. ಬಣ್ಣದ ನಂತರ ಡ್ರಿಲ್ ಹಿಡಿಯುವ ಧೈರ್ಯ ಯಾರಿಗೂ ಬೇಡ. ಬಾಡಿಗೆ ಒಂದು ಕೋಲನ್ನು ಸ್ಕ್ರೂ ಮಾಡಿ ತಂತಿಯಿಂದ ನೇತುಹಾಕಿ, ಲ್ಯಾಕರಿಗೆ ಸಮಪ್ರಮಾಣದ ಥಿನ್ನರ್ ಬೆರೆಸಿ, ಗನ್ನನ್ನು ಏಳೆಂಟು ಅಂಗುಲ ದೂರ ಹಿಡಿದು, ಬಾಡಿಯ ಹೊರಗೆ ಶುರುವಾಗಿ ಬಾಡಿಯ ಹೊರಗೆ ನಿಲ್ಲುವಂತೆ, ಪ್ರತಿ ಎಳೆತವೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಹೊಡೆದೆ. ಹುಬ್ಬಳ್ಳಿಯ ಧೂಳಿಗೆ ಹೆದರಿ, ಒಂದು ಗಂಟೆ ಮೊದಲೇ ನೆಲಕ್ಕೆ ನೀರು ಚಿಮುಕಿಸಿಡುತ್ತಿದ್ದೆ. ಬಿಳಿ ಪ್ರೈಮರ್ ಎರಡು, ಕೆಂಪು ನಾಲ್ಕು, ಕ್ಲಿಯರ್ ಎಂಟು ಕೈ. ದಿನಕ್ಕೆ ಮೂರಕ್ಕಿಂತ ಹೆಚ್ಚಿಲ್ಲ. ಥಿನ್ನರಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿದು ದೂರದವರೆಗೆ ಹರಿಯುತ್ತದೆ. ಆ ದಿನಗಳಲ್ಲಿ ಕೆಲಸ ಮುಗಿದು ಗಾಳಿ ಆಡುವವರೆಗೆ ನಮ್ಮ ತಾಯಿಯವರು ದೇವರ ದೀಪವನ್ನೂ ಹಚ್ಚಲಿಲ್ಲ, ಒಲೆಯನ್ನೂ ಹೊತ್ತಿಸಲಿಲ್ಲ. ಮೂಗಿಗೆ ಕರವಸ್ತ್ರ ಸಾಲದು; ಸಾವಯವ ಆವಿಯನ್ನು ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಹಾರ್ಡ್‌ನರ್ ಬೆರೆಸುವ ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ಬಣ್ಣವನ್ನು ನಾನು ಬಳಸದಿರಲು ಕಾರಣವೂ ಅದೇ: ಅದರಲ್ಲಿರುವ ಐಸೊಸೈನೇಟ್ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಅದನ್ನು ಅಂಗಳದಲ್ಲಿ ಹೊಡೆಯಬಾರದು.

ಕ್ಲಿಯರ್ ಮುಗಿದ ಮೇಲೆ ನಾಲ್ಕು ವಾರ ಮುಟ್ಟದೆ ಬಿಟ್ಟೆ. ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು, ಮೂಗಿಗೆ ಹಿಡಿದರೆ ಥಿನ್ನರಿನ ವಾಸನೆ ಬರಬಾರದು. ಬಳಿಕ ಸೋಪಿನ ನೀರಿನಲ್ಲಿ 800, 1000, 1500 ಮತ್ತು 2000 ನಂಬರಿನ ವಾಟರ್ ಪೇಪರನ್ನು ರಬ್ಬರಿನ ತುಂಡಿಗೆ ಸುತ್ತಿ, ಕಿತ್ತಳೆ ಸಿಪ್ಪೆಯಂತಿದ್ದ ಮೇಲ್ಮೈಯನ್ನು ಸಮ ಮಾಡಿದೆ. ಬಾಡಿಯ ಕೆಳಗಿನ ಕೊಂಬಿನಂಥ ಚಾಚಿನ ಅಂಚಿನಲ್ಲಿ ಒಂದು ಕ್ಷಣ ಕೈ ಹೆಚ್ಚು ಒತ್ತಿತು. ಪೇಪರ್ ಎತ್ತಿದಾಗ ನೀರಿನಲ್ಲಿ ಕೆಂಪು ಹರಿಯುತ್ತಿತ್ತು, ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಪ್ರೈಮರ್ ಕಾಣುತ್ತಿತ್ತು. ಅಂಚಿನಲ್ಲಿ ಪದರ ಯಾವಾಗಲೂ ತೆಳುವಾಗಿಯೇ ಇರುತ್ತದೆ, ಹಾಗಾಗಿ ಅಂಚುಗಳಿಗೆ ಟೇಪ್ ಹಚ್ಚಿ ಕೊನೆಯಲ್ಲಿ ಮಾತ್ರ ಬೆರಳಿನಿಂದ ಉಜ್ಜಬೇಕಿತ್ತು. ನೈಟ್ರೊಸೆಲ್ಯುಲೋಸ್ ಲ್ಯಾಕರಿನ ಹೊಸ ಕೈ ಹಳೆಯ ಕೈಯನ್ನು ಕರಗಿಸಿಕೊಂಡು ಒಂದಾಗುವುದರಿಂದ ತೇಪೆಯ ಗೆರೆ ಉಳಿಯಲಿಲ್ಲ. ಸಣ್ಣ ಕುಂಚದಿಂದ ಕೆಂಪನ್ನೂ ಕ್ಲಿಯರನ್ನೂ ಹನಿಹನಿಯಾಗಿ ತುಂಬಿ ಇನ್ನೆರಡು ವಾರ ಕಾದೆ. ಕೊನೆಗೆ ರಬ್ಬಿಂಗ್ ಕಾಂಪೌಂಡ್ ಹಾಕಿ ಹಳೆಯ ಹತ್ತಿ ಧೋತರದ ತುಂಡಿನಿಂದ ತಿಕ್ಕಿದಾಗ ಮೆರುಗು ಬಂತು. ಮೇಪಲ್ ನೆಕ್‌ಗೆ ಮೂರು ಕೈ ಅಗಸೆ ಎಣ್ಣೆ ಒರೆಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಆ ಎಣ್ಣೆಯ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ, ಮುದ್ದೆಯೊಳಗೆ ಆ ಶಾಖ ಕೂಡಿ ತಾನೇ ಹೊತ್ತಿಕೊಳ್ಳಬಹುದು. ನಾನು ಅದನ್ನು ಹರವಿ ತಂತಿಯ ಮೇಲೆ ಒಣಗಿಸಿದೆ.

ಇನ್ನು ಒಳಗಿನ ಕೆಲಸ. ನನ್ನ ಗಿಟಾರಿನಲ್ಲಿರುವುದು ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳು (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ, ಅಯಸ್ಕಾಂತ ಮತ್ತು ಸುರುಳಿಯ ಭಾಗಗಳು), 250 ಕಿಲೊ ಓಮ್ ಪಾಟ್‌ಗಳು (ಸದ್ದು ಹೊಂದಿಸುವ ತಿರುಗುಗುಂಡಿಗಳು). ಬಣ್ಣ ಹೊಡೆಯುವ ಮುಂಚೆ ಒಮ್ಮೆ ತಂತಿ ಕಟ್ಟಿ ನೋಡಿದಾಗ, ಅದರ ಸದ್ದು ಕೇಳಲಾಗದಂತಿತ್ತು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅದರ ಇಮ್ಮಡಿಯಾದ 100 ಹರ್ಟ್ಸ್‌ನ ಗುಂಯ್ ಎನ್ನುವ ಸದ್ದು, ದಪ್ಪ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಸಿಗುವ 98 ಹರ್ಟ್ಸ್‌ನ ಜಿ ಸ್ವರಕ್ಕಿಂತ ತುಸು ಏರಿ ನಿಲ್ಲುತ್ತದೆ. ಓಣಿಓಣಿಯಲ್ಲಿ ತಂಬೂರಿ ಮಿಡಿಯುವ ಧಾರವಾಡದಲ್ಲಿ ಬೆಳೆದ ಕಿವಿಗೆ, ಯಾವ ಸ್ವರಕ್ಕೂ ಸೇರದ ಆ ಶ್ರುತಿ ಸಹಿಸಲಾಗದ್ದು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ನಡುವಿಗೆ ತಿರುಗಿಸಿದರೆ ಅದರ ಜೊತೆಗೆ ಚರ್ ಎನ್ನುವ ಇನ್ನೊಂದು ಸದ್ದೂ ಕೂಡುತ್ತಿತ್ತು, ಏಕೆಂದರೆ ಆ ರೆಗ್ಯುಲೇಟರ್ ವಿದ್ಯುತ್ತಿನ ಪ್ರತಿ ಅಲೆಯನ್ನೂ ಅರ್ಧದಲ್ಲೇ ಕತ್ತರಿಸುತ್ತದೆ.

ಈ ತೊಂದರೆಯಲ್ಲಿ ಎರಡು ಬಗೆಯಿದೆ, ಅವುಗಳನ್ನು ಬೇರೆ ಮಾಡಿ ನೋಡದೆ ಹಣ ಖರ್ಚು ಮಾಡಬಾರದು. ವಿದ್ಯುತ್ ಕ್ಷೇತ್ರದಿಂದ ಬರುವ ಚರಚರ ಸದ್ದನ್ನು ಗ್ರೌಂಡ್ ಆದ ಲೋಹದ ಗೂಡು ತಡೆಯುತ್ತದೆ. ಮೈಕೆಲ್ ಫ್ಯಾರಡೆ 1836ರಲ್ಲಿ ತೋರಿಸಿದ ಪಂಜರದ ತತ್ವವೇ ಇದು. ಟ್ರಾನ್ಸ್‌ಫಾರ್ಮರಿನಂಥ ವಸ್ತುಗಳ ಕಾಂತಕ್ಷೇತ್ರದಿಂದ ಕಾಯಿಲಿನಲ್ಲಿ ಹುಟ್ಟುವ ಗುಂಯ್ ಸದ್ದನ್ನು ಮಾತ್ರ ತೆಳುವಾದ ತಾಮ್ರ ತಡೆಯಲಾರದು.

ಮೊದಲು ನಾನು ಗ್ರಾಫೈಟ್ ಪುಡಿಯನ್ನು ಮರದ ಅಂಟಿನಲ್ಲಿ ಕಲಸಿ ಗುಳಿಗೆ ಬಳಿದೆ. ಒಣಗಿದ ಮೇಲೆ ಎರಡು ಅಂಗುಲದ ಅಂತರಕ್ಕೆ ಮಲ್ಟಿಮೀಟರ್ ಸುಮಾರು 3,000 ಓಮ್ ತೋರಿಸಿತು. ಅದನ್ನು ನೆಚ್ಚಲು ಮನಸ್ಸಾಗದೆ ಕೆರೆದು ತೆಗೆದು, 50 ಮಿಲಿಮೀಟರ್ ಅಗಲದ ತಾಮ್ರದ ಟೇಪ್ ತಂದೆ. ಅಂಟೂ ವಿದ್ಯುತ್ತನ್ನು ಹರಿಸುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಎರಡು ತುಣುಕುಗಳನ್ನು ಒಂದರ ಮೇಲೊಂದು ಅಂಟಿಸಿ ಅಳೆದರೆ ಮೀಟರ್ ಮಿಸುಕಲಿಲ್ಲ. ಆದ್ದರಿಂದ ಪ್ರತಿ ಸೇರಿಕೆಯನ್ನೂ ಐದು ಮಿಲಿಮೀಟರ್ ಮೇಲೇರುವಂತೆ ಹಚ್ಚಿ, ಚಮಚದ ಹಿಂಬದಿಯಿಂದ ನೆರಿಗೆ ಕೂರಿಸಿ, ಪ್ರತಿ ಸೇರಿಕೆಗೂ ಎರಡೆರಡು ಚುಕ್ಕೆ ಬೆಸುಗೆ ಹಾಕಿದೆ. ಇಪ್ಪತ್ಮೂರು ತುಣುಕುಗಳಿಗೆ ಒಂದು ಭಾನುವಾರ ಪೂರ್ತಿ ಹೋಯಿತು. ಕಾವು ಮರದ ಮೂಲಕ ಹೊರಗಿನ ಲ್ಯಾಕರಿಗೆ ತಲುಪದಂತೆ ಬೆಸುಗೆಯ ಕಡ್ಡಿಯನ್ನು ಮೂರು ಸೆಕೆಂಡಿಗಿಂತ ಹೆಚ್ಚು ಒಂದೆಡೆ ನಿಲ್ಲಿಸಲಿಲ್ಲ. ಗುಳಿಯ ಅಂಚಿನಿಂದ ಎರಡು ಕಡೆ ತಾಮ್ರವನ್ನು ನಾಲಗೆಯಂತೆ ಮೇಲಕ್ಕೆ ಮಡಚಿ ಸ್ಕ್ರೂ ರಂಧ್ರದ ಮೇಲೆ ತಂದೆ. ಗುಳಿಯನ್ನು ಮುಚ್ಚುವ ಪಿಕ್‌ಗಾರ್ಡಿನ ಹಿಂಬದಿಗೂ ತಾಮ್ರ ಹಚ್ಚಿದ್ದರಿಂದ ಸ್ಕ್ರೂ ಬಿಗಿದಾಗ ಮುಚ್ಚಳ ಮತ್ತು ಪೆಟ್ಟಿಗೆ ಒಂದಾಗುತ್ತವೆ. ಕೊನೆಗೆ ಯಾವ ಎರಡು ಮೂಲೆಗಳ ನಡುವೆ ಮುಳ್ಳು ಇಟ್ಟರೂ ಮೀಟರ್ 0.3 ಓಮ್ ಒಳಗೇ ನಿಂತಿತು. ಆ ತಾಮ್ರದಿಂದ ಒಂದೇ ಒಂದು ವೈರನ್ನು ವಾಲ್ಯೂಮ್ ಪಾಟಿನ ಬೆನ್ನಿಗೆ ಒಯ್ದು, ಬ್ರಿಜ್‌ನ ವೈರನ್ನೂ ಅಲ್ಲಿಗೇ ಸೇರಿಸಿದೆ.

ಎಲ್ಲ ಮುಗಿಸಿ ಆಂಪ್‌ಗೆ (ಸದ್ದು ಹಿಗ್ಗಿಸುವ ಆಂಪ್ಲಿಫೈಯರಿಗೆ) ಜೋಡಿಸಿದರೆ ಗಿಟಾರ್ ಮೂಕವಾಗಿತ್ತು. ಗುಂಯ್ ಇಲ್ಲ, ಸ್ವರವೂ ಇಲ್ಲ. ಮೀಟರಿನಲ್ಲಿ ಕೇಬಲಿನ ಪ್ಲಗ್ ಚುಚ್ಚುವ ಜ್ಯಾಕ್ ಪರೀಕ್ಷಿಸಿದರೆ ಎಲ್ಲವೂ ಸರಿ. ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ, ಪ್ಲಗ್ ಚುಚ್ಚಿಟ್ಟೇ ಅಳೆಯಬೇಕೆಂದು ಹೊಳೆಯಿತು. ಪ್ಲಗ್ ಒಳಗೆ ಹೋದಾಗ ಜ್ಯಾಕಿನ ಸ್ಪ್ರಿಂಗ್ ನಾಲಗೆ ಹೊರಕ್ಕೆ ಬಾಗಿ, ಗೋಡೆಯ ತಾಮ್ರವನ್ನು ಮುಟ್ಟಿ, ಸ್ವರವನ್ನೆಲ್ಲ ಗ್ರೌಂಡಿಗೆ ಇಳಿಸುತ್ತಿತ್ತು. ಜ್ಯಾಕನ್ನು ಕಾಲು ಸುತ್ತು ತಿರುಗಿಸಿ, ಎದುರಿನ ತಾಮ್ರದ ಮೇಲೆ ಇನ್ಸುಲೇಶನ್ ಟೇಪ್ ಹಚ್ಚಿದೆ.

ತಂತಿಗಳು ಗ್ರೌಂಡಿಗೆ ಸೇರಿರುವುದರಿಂದ ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದೇ ತಂತಿ ಕೈಗೆ ಶಾಕ್ ಕೊಡಬಲ್ಲದು. ಹಾಗಾಗಿ ಎಲೆಕ್ಟ್ರೀಶಿಯನ್ ಒಬ್ಬರನ್ನು ಕರೆಸಿ ಸಾಕೆಟ್ಟನ್ನು ಅಳೆಯಿಸಿದೆ: ಫೇಸ್ ಮತ್ತು ಅರ್ಥ್ ನಡುವೆ 231 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ವೋಲ್ಟ್. ಆಮೇಲೆಯೇ ಗಿಟಾರನ್ನು ಕೊರಳಿಗೆ ಹಾಕಿಕೊಂಡೆ. ರೆಗ್ಯುಲೇಟರಿನ ಚರಚರ ಈಗ ಕೇಳುವುದಿಲ್ಲ. ತಂತಿಯಿಂದ ಕೈ ತೆಗೆದರೂ ಸದ್ದು ಏರುವುದಿಲ್ಲ. ಒಂದೇ ಪಿಕಪ್ ಇಟ್ಟಾಗ ಆ 100 ಹರ್ಟ್ಸ್‌ನ ಗುಂಯ್ ತೆಳುವಾಗಿ ಉಳಿದಿದೆ, ಆಂಪ್‌ಗೆ ಬೆನ್ನು ಓರೆ ಮಾಡಿ ನಿಂತರೆ ಅದೂ ಇಳಿಯುತ್ತದೆ. ನಡುವಿನ ಪಿಕಪ್‌ನ ಸುತ್ತು ಮತ್ತು ಅಯಸ್ಕಾಂತ ಎರಡೂ ತಿರುವುಮುರುವಾಗಿರುವುದನ್ನೇ ನಾನು ಆರಿಸಿದ್ದರಿಂದ, ಪಿಕಪ್ ಆರಿಸುವ ಸ್ವಿಚ್ಚಿನ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಒಟ್ಟಿಗೆ ನುಡಿಯುವ ಎರಡು ಕಾಯಿಲ್‌ಗಳ ಗುಂಯ್ ಒಂದನ್ನೊಂದು ಅಳಿಸಿ, ಸ್ವರ ಮಾತ್ರ ಉಳಿಯುತ್ತದೆ. ಬೆಳಗಿನ ಹೊತ್ತು ನಾನು ಹೆಚ್ಚಾಗಿ ನುಡಿಸುವುದು ನಾಲ್ಕನೆಯ ಸ್ಥಾನದಲ್ಲಿ.