ಒಲೆಯ ಮುಂದೆ ಗ್ರೀಕ್ ಪಾಠ: ‘ಬ್ರಿಕಿ’ ಕಲಿಯುವುದು ಹೇಗೆ?

ಗ್ರೀಕ್ ಕಲಿಯಲು ಹೊರಟವರು ಕುರ್ಚಿ, ಮೇಜು, ಕಿಟಕಿ ಅಂತ ಪಟ್ಟಿ ಹಿಡಿದು ಉರು ಹೊಡೆಯುತ್ತಾರೆ. ಅಂಥ ಪದಗಳು ಬೇಗ ಮರೆತುಹೋಗುತ್ತವೆ. ಅದರ ಬದಲು ಒಂದೇ ಪಾತ್ರೆ ಆರಿಸಿಕೊಳ್ಳಿ, ಅದರ ಸುತ್ತಲಿನ ಮಾತನ್ನೆಲ್ಲ ಕಲಿಯಿರಿ. ಬ್ರಿಕಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಗ್ರೀಸ್‌ನ ಮನೆಗಳಲ್ಲಿ ಕಾಫಿ ಕಾಯಿಸುವ, ಉದ್ದ ಹಿಡಿಯ ಪುಟ್ಟ ಪಾತ್ರೆ ಇದು.

ಮೊದಲು ಬರೆಯಲು ಕಲಿಯಿರಿ. ಗ್ರೀಕ್‌ನಲ್ಲಿ 24 ಅಕ್ಷರಗಳಿವೆ, ಆದರೆ ‘ಬ’ಕ್ಕೆ ಅಂತ ಬೇರೆ ಅಕ್ಷರವಿಲ್ಲ. ಹಳೆಯ ಬೀಟಾವನ್ನು ಈಗ ‘ವ’ ಎಂದು ಓದುತ್ತಾರೆ. ಹಾಗಾಗಿ ‘ಮ’ ಮತ್ತು ‘ಪ’ದ ಅಕ್ಷರಗಳನ್ನು ಒಟ್ಟಿಗೆ ಬರೆದು ‘ಬ’ ಮಾಡಿಕೊಳ್ಳುತ್ತಾರೆ. ‘ಮ್ಪ್ರಿಕಿ’ ಎಂದು ಕಂಡರೂ ‘ಬ್ರಿಕಿ’ ಎಂದೇ ಓದಿ. ಸ್ವರದ ಮೇಲಿನ ಸಣ್ಣ ಓರೆ ಗೆರೆ ನೋಡಿದಿರಾ? ಒತ್ತು ಅಲ್ಲಿ, ಅಂದರೆ ‘ಬ್ರಿ’ ಮೇಲೆ.

ಇನ್ನು ಲಿಂಗ. ಇಲ್ಲಿ ಕನ್ನಡಿಗರು ಸ್ವಲ್ಪ ಎಚ್ಚರದಿಂದಿರಬೇಕು. ನಮಗೆ ವಸ್ತುಗಳೆಲ್ಲ ನಪುಂಸಕ ಲಿಂಗ, ಅಲ್ವಾ? ಗ್ರೀಕ್‌ನಲ್ಲಿ ಹಾಗಲ್ಲ. ಹೆಸರಿನ ಮೊದಲು ಬರುವ ಸಣ್ಣ ಪದ ಅದರ ಲಿಂಗ ತೋರಿಸುತ್ತದೆ. ಕುರ್ಚಿ ಸ್ತ್ರೀಲಿಂಗ: ‘ಇ ಕರೆಕ್ಲ’. ಸೋಫಾ ಪುಲ್ಲಿಂಗ: ‘ಒ ಕನಪೆಸ್’. ನಮ್ಮ ಬ್ರಿಕಿ ನಪುಂಸಕ: ‘ತೊ ಬ್ರಿಕಿ’. ಒಂದಕ್ಕಿಂತ ಜಾಸ್ತಿ ಇದ್ದರೆ ‘ತ ಬ್ರಿಕ್ಯ’. ಮುಂದಿನ ಆ ‘ತೊ’ ಬಿಟ್ಟು ಬರೀ ಪದ ಕಲಿಯಬೇಡಿ. ಆಮೇಲೆ ತಿದ್ದಿಕೊಳ್ಳುವುದು ಬಹಳ ಕಷ್ಟ. ಈ ‘ತ’ ನಮ್ಮ ‘ತ’ವೇ, ‘ಟ’ ಅಲ್ಲ.

ಈಗ ಅಡುಗೆಮನೆಗೆ ಬನ್ನಿ. ಬ್ರಿಕಿ ಇಲ್ಲದಿದ್ದರೆ ಚಿಕ್ಕ ಪಾತ್ರೆಯೂ ನಡೆಯುತ್ತದೆ. ‘ಪು ಇನೆ ತೊ ಬ್ರಿಕಿ?’ (ಬ್ರಿಕಿ ಎಲ್ಲಿದೆ?) ಎಂದು ಗಟ್ಟಿಯಾಗಿ ಕೇಳಿ. ಒಂದು ‘ಫ್ಲಿಜಾನಿ’, ಅಂದರೆ ಪುಟ್ಟ ಕಪ್ಪಿನ ಅಳತೆಯಲ್ಲಿ ತಣ್ಣೀರು ಹಾಕಿ. ಹಿಟ್ಟಿನಷ್ಟು ನುಣ್ಣಗಿನ ಕಾಫಿಪುಡಿ ಒಂದು ಚಮಚ ಹಾಕಿ. ಸಕ್ಕರೆ ಬೇಕಿದ್ದರೆ ಈಗಲೇ ಹಾಕಬೇಕು. ಸಕ್ಕರೆ ಇಲ್ಲದ್ದು ‘ಸ್ಕೆತೊ’, ಹದವಾಗಿದ್ದರೆ ‘ಮೆತ್ರಿಯೊ’, ಸಿಹಿ ಜಾಸ್ತಿಯಾದರೆ ‘ಗ್ಲಿಕೊ’. ಕಲಕಿ, ಸಣ್ಣ ಉರಿಯಲ್ಲಿಡಿ. ‘ಕೈಮಾಕಿ’ ಎನ್ನುವ ನೊರೆ ಅಂಚಿನವರೆಗೆ ಉಬ್ಬುತ್ತದೆ. ಉಕ್ಕುವ ಮುಂಚೆಯೇ ಇಳಿಸಿ. ಕುದಿಸಿದರೆ ನೊರೆ ಹಾಳಾಗುತ್ತದೆ. ಫಿಲ್ಟರ್ ಕಾಫಿಯಂತೆ ಇದನ್ನು ಸೋಸುವುದಿಲ್ಲ. ಚರಟ ಕಪ್ಪಿನ ತಳಕ್ಕೆ ಇಳಿಯಲು ಬಿಡಿ.

ಇಷ್ಟು ರೂಢಿಯಾದ ಮೇಲೆ ಒಂದು ನುಡಿಗಟ್ಟು ಕಲಿಯಿರಿ: ‘ಎದೊ ದೆನ್ ಕೊಲಾಮೆ ಬ್ರಿಕ್ಯ’. ನಾವಿಲ್ಲಿ ಬ್ರಿಕಿಗಳನ್ನು ಅಂಟಿಸುತ್ತ ಕೂತಿಲ್ಲ ಎಂದು ಅದರ ಅಕ್ಷರಾರ್ಥ. ತಮ್ಮ ಕೆಲಸವನ್ನು ಯಾರಾದರೂ ಹಗುರವಾಗಿ ಕಂಡಾಗ ಗ್ರೀಕರು ಹೀಗೆ ಹೇಳುತ್ತಾರೆ. ಬಹುವಚನದ ‘ಬ್ರಿಕ್ಯ’ ಇದರಲ್ಲೇ ಇದೆ, ಬೇರೆ ಉರು ಹೊಡೆಯಬೇಕಿಲ್ಲ.